ಅಕ್ಕಿಕಾಳಿನ ಹೊತ್ತಿಗೆ ಊದಿದವರು ಯಾರು

ಬೈಲಹೊಂಗಲದ ಪರಶು ಮಾಸ್ತರನ ಬಾಯಲ್ಲಿ ಒಂದು ಕಾಲಕ್ಕೆ ಮೂವತ್ತೆರಡು ಹಲ್ಲುಗಳಿದ್ದವು. ಹಲ್ಲು ಮೂವತ್ತೆರಡಾದರೆ ಜಂಬ ಅದರ ಎರಡರಷ್ಟು. ಮಾಸ್ತರ ಎಂದ ಕೂಡಲೇ ಸಾಲೆಯ ಮಾಸ್ತರ ಎಂದು ತಿಳಿಯಬೇಡಿ. ಈತ ಬ್ಯಾಂಡ್ ಮಾಸ್ತರ. ಸಾಂಚಿ ಬ್ರಾಸ್ ಬ್ಯಾಂಡಿನ ಮುಂದಾಳು, ಕ್ಲಾರ್ನೆಟ್ ಊದುವವನು. ಅಪ್ಪ ಶಟ್ಟೆಪ್ಪ ಜೀವಮಾನವಿಡೀ ಹಲಗಿ ಬಡಿದು, ಮಿರಜಿಗೆ ಹೋಗಿ ಮಗನಿಗೆ ಕ್ಲಾರ್ನೆಟ್ ತಂದುಕೊಟ್ಟಿದ್ದ. ಅಂದಿನಿಂದ ಕಿತ್ತೂರಿನಿಂದ ರಾಮದುರ್ಗದವರೆಗೆ ಲಗ್ನ ಎಲ್ಲಿದ್ದರೂ ಪರಶುವಿನ ಪೀಪಿ ಅಲ್ಲಿ. ಹೆಣ್ಣು ಯಾರು ಎಂದು ಗೊತ್ತಾಗುವ ಮೊದಲೇ ಪರಶುವಿಗೆ ಮುಂಗಡವಾಗಿ ಇಸಾರ ಕೊಟ್ಟು ಹೋಗುವ ಗಂಡಿನ ಅಪ್ಪಂದಿರಿದ್ದರು ಎಂದರೆ ನಂಬುತ್ತೀರಾ? ನಂಬಬೇಡಿ. ಇದನ್ನು ಹೇಳಿದವನು ಪರಶುವೇ.

ಬ್ಯಾಂಡಿನ ಎರಡನೆಯ ಕ್ಲಾರ್ನೆಟ್ ಬಾಳುವಿನದು. ಬಾಳು ಎಂದರೆ ಪರಶುವಿನ ಹೆಂಡತಿ ರೇಣುವಿನ ತಮ್ಮ, ನಲವತ್ತೆಂಟರ ಆಳು. ಲಗ್ನದ ಹಂಗಾಮು ಇಲ್ಲದಾಗ ನವಿಲುತೀರ್ಥದ ಕಾಲುವೆಯ ಮೇಲೆ ದಿನಗೂಲಿ. ಇಪ್ಪತ್ತು ವರ್ಷದಿಂದ ಒಂದೇ ನಡೆ: ಪರಶು ಮುಂದೆ, ಬಾಳು ಹಿಂದೆ. ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಪರಶು ಒಂದು ತಾನ ತೆಗೆಯುತ್ತಿದ್ದ. ಕೆಳಗಿನಿಂದ ಏರಿ ಏರಿ ತುತ್ತತುದಿಗೆ ಹೋಗಿ, ಅಲ್ಲಿ ನಿಂತು, ಗಿರಕಿ ಹೊಡೆದು ಇಳಿಯುವ ತಾನ. ಅದನ್ನು ಕೇಳಲೆಂದೇ ಊಟ ಬಿಟ್ಟು ಎದ್ದು ಬರುವವರಿದ್ದರು. ಆ ತಾನದ ತಂಟೆಗೆ ಬಾಳು ಬರುವಂತಿಲ್ಲ. "ಬಾಳ್ಯಾ, ನಿನಗ ಅಷ್ಟು ದಮ್ಮಿಲ್ಲಲೇ. ನೀ ಕೆಳಗಿನ ಸ್ವರ ಹಿಡ್ಕೊಂಡು ಸುಮ್ನ ನಿಂದ್ರು," ಎನ್ನುತ್ತಿದ್ದ ಪರಶು. ಬಾಳು ನಕ್ಕು ಕೆಳಗಿನ ಸ್ವರ ಹಿಡಿದುಕೊಂಡು ನಿಲ್ಲುತ್ತಿದ್ದ. ರೇಣುವಿಗೆ ಮಾತ್ರ ಉರಿಯುತ್ತಿತ್ತು. "ನನ್ನ ತಮ್ಮಗ ಎಲ್ಲಾರ ಮುಂದ ಹಂಗ ಅನ್ನಬ್ಯಾಡ್ರಿ," ಎಂದರೆ, "ಇದು ರಾಗದ ವಿಷಯ, ಬೀಗರ ವಿಷಯ ಅಲ್ಲ," ಎಂದು ಮೀಸೆ ಸವರುತ್ತಿದ್ದ ಮಹಾರಾಯ.

ಶಟ್ಟೆಪ್ಪ ಸಾಯುವಾಗ ಆಸ್ತಿಪಾಸ್ತಿ ಏನೂ ಬಿಟ್ಟುಹೋಗಲಿಲ್ಲ, ಒಂದು ಮಾತು ಬಿಟ್ಟುಹೋದ. "ಹಂದರಕ್ಕ ಬೆಂಕಿ ಹತ್ತಿದ್ರೂ ಅಕ್ಕಿಕಾಳು ಮುಗಿಯೂ ತನಕ ವಾದ್ಯಾ ನಿಲ್ಲಬಾರದು ನೋಡಪಾ." ಆ ಎರಡು ನಿಮಿಷದಲ್ಲಿ ಯಾರೋ ಸೀನಬಹುದು, ಯಾರೋ ಕೆಟ್ಟ ಮಾತಾಡಬಹುದು. ಅದು ಮದುಮಕ್ಕಳ ಕಿವಿಗೆ ಬೀಳದ ಹಾಗೆ ಮುಚ್ಚಿಹಾಕುವುದು ಬ್ಯಾಂಡಿನವರ ಧರ್ಮ. ಪರಶು ದೇವರಿಗೆ ಕೈಮುಗಿಯುವುದು ಅಷ್ಟಕ್ಕಷ್ಟೇ, ಮನೆಯ ಗೋಡೆಯ ಮೇಲೆ ಬುದ್ಧನ ಪಟ ಒಂದೇ. ಆದರೆ ಅಪ್ಪನ ಈ ಮಾತು ಮಾತ್ರ ಅವನಿಗೆ ಕಟ್ಟಪ್ಪಣೆ. ಅದೇ ಮಾತು ಮುಂದೆ ಅವನ ಕುತ್ತಿಗೆಗೆ ಬಂತು.

ಮೂರು ವರ್ಷದ ಕೆಳಗೆ, ಬಿಸಿಲು ನೆತ್ತಿ ಸುಡುವ ವೈಶಾಖದಲ್ಲಿ, ಸವದತ್ತಿ ರಸ್ತೆಯ ಸಿರಿಸೌಖ್ಯ ಮಂಗಲ ಕಾರ್ಯಾಲಯದಲ್ಲಿ ಒಂದು ಲಗ್ನ. ಕಾರ್ಯಾಲಯದ ಮಾಲೀಕ ಬಸವಣ್ಣೆಪ್ಪ. ಹಸಿರು ಬೋರ್ಡು, ಹೊಳೆಯುವ ಫರಸಿ, ಬಣ್ಣಬಣ್ಣದ ಕಾರಂಜಿ, ಎಲ್ಲ ಉಂಟು. ಇಲ್ಲದ್ದು ಒಂದೇ: ವೇದಿಕೆಯ ಮೆಟ್ಟಿಲ ಬಳಿ ನೆಲದೊಳಗಿದ್ದ ನೀರಿನ ಟಾಕಿಗೆ ಮುಚ್ಚಳ. ಇದ್ದದ್ದು ಒಡೆದು ಎರಡು ತಿಂಗಳಾಗಿತ್ತು. ಅಡಿಗೆಮನೆಯ ಕೆಲಸದ ಪದ್ಮವ್ವ ಮೂರು ಸಲ ಹೇಳಿದ್ದಳು, "ಸಾವಕಾರ್ರ, ಯಾರರೇ ಬೀಳತಾರ್ರೀ." ಸಾವಕಾರರು, "ಹಂಗಾಮ ಮುಗೀಲಿ, ಮಾಡಸೂಣು," ಎಂದು ಒಂದು ಪ್ಲೈವುಡ್ ತುಂಡು ಮುಚ್ಚಿಸಿ, ಅದರ ಮೇಲೆ ಕೆಂಪು ಮ್ಯಾಟು ಹಾಸಿಸಿದ್ದರು. ಹುಳುಕು ಮುಚ್ಚಲು ಕೆಂಪು ಮ್ಯಾಟಿಗಿಂತ ಬೇರೆ ಏನು ಬೇಕು!

ವರ ವೇದಿಕೆಗೆ ಬರುವಾಗ ಬ್ಯಾಂಡ್ ಮಾಸ್ತರ ಅವನಿಗೆ ಮುಖ ಮಾಡಿ, ಹಿಂದೆ ಹಿಂದೆ ನಡೆಯುತ್ತ ಊದಬೇಕು. ವರನಿಗೆ ಬೆನ್ನು ತೋರಿಸುವುದು ಮರ್ಯಾದೆಯಲ್ಲ. ಮುಹೂರ್ತ ಮೀರುತ್ತಿತ್ತು, ಲಗ್ನ ಮಾಡಿಸುವ ಅಯ್ಯನವರು ಅವಸರ ಮಾಡುತ್ತಿದ್ದರು, ಎಲ್ಲರ ಮುಷ್ಟಿಯಲ್ಲಿ ಅಕ್ಕಿ ಬೆವರುತ್ತಿತ್ತು. ಪರಶು ತಲೆ ಕುಣಿಸುತ್ತ, ಹುಬ್ಬು ಹಾರಿಸುತ್ತ, ಹೆಣ್ಣಿನ ಕಡೆಯ ಹೆಂಗಸರ ಕಡೆಗೊಂದು ಕಣ್ಣು ಹಾಯಿಸುತ್ತ ಹಿಂದೆ ಬಂದ. ಬಂದವನು ಕೆಂಪು ಮ್ಯಾಟಿನ ಮೇಲೆ ಕಾಲಿಟ್ಟ. ಪಟ್ ಎಂದಿತು ಪ್ಲೈವುಡ್! ಬಲಗಾಲು ತೊಡೆಯವರೆಗೆ ಟಾಕಿಯೊಳಗೆ. ಕ್ಲಾರ್ನೆಟ್ಟಿನ ತುದಿ ಟಾಕಿಯ ಅಂಚಿಗೆ ಬಡಿಯಿತು, ಇನ್ನೊಂದು ತುದಿ ಇದ್ದದ್ದು ಬಾಯಲ್ಲಿ. ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಬುಡಸಮೇತ ಹೋದವು. ಒಂದನ್ನು ಉಗುಳಿದ, ಇನ್ನೊಂದನ್ನು ನುಂಗಿದ.

ನಾಲ್ಕು ಜನ ಎಳೆದು ನಿಲ್ಲಿಸಿದರು. ಅಷ್ಟರಲ್ಲಿ ವರನನ್ನು ವೇದಿಕೆಗೆ ಹತ್ತಿಸಿ ಅಯ್ಯನವರು ಕೊನೆಯ ಮಂತ್ರಕ್ಕೆ ಬಂದೇಬಿಟ್ಟಿದ್ದರು, ಅಕ್ಕಿಕಾಳು ಹಾರತೊಡಗಿದವು. ಬೇರೆ ಯಾರಾದರೂ ಆಗಿದ್ದರೆ ಅಯ್ಯಯ್ಯೋ ಎಂದು ಕುಕ್ಕರಿಸುತ್ತಿದ್ದರು. ಪರಶು ಶಟ್ಟೆಪ್ಪನ ಮಗ. ಬಾಯ ತುಂಬ ಬಂದ ರಕ್ತ ನುಂಗಿ, ಕ್ಲಾರ್ನೆಟ್ ಎತ್ತಿ ತುಟಿಗಿಟ್ಟು, ಗಲ್ಲ ಉಬ್ಬಿಸಿ ಊದಿದ. ಉಸ್ ಎಂದಿತು. ಮತ್ತೆ ಊದಿದ. ಮತ್ತೆ ಉಸ್. ಕ್ಲಾರ್ನೆಟ್ಟನ್ನು ಮೇಲಿನ ಆ ಎರಡು ಹಲ್ಲಿನಿಂದಲೇ ಒತ್ತಿ ಹಿಡಿಯಬೇಕು. ಹಿಡಿಯಲು ಹಲ್ಲೇ ಇಲ್ಲ. ವಾದ್ಯ ನಿಂತೇಹೋಯಿತು ಎಂದು ಅವನ ಜೀವ ಬಾಯಿಗೆ ಬಂದ ಗಳಿಗೆಯಲ್ಲಿ ತಾನ ಎದ್ದಿತು. ಅವನದೇ ತಾನ. ಏರಿ ಏರಿ ತುತ್ತತುದಿಗೆ ಹೋಯಿತು, ಅಲ್ಲಿ ನಿಂತಿತು, ಗಿರಕಿ ಹೊಡೆಯಿತು, ಒಂದಲ್ಲ ಎರಡು. ಪರಶು ಇದುವರೆಗೆ ಒಂದೇ ಹೊಡೆದವನು. ವೇದಿಕೆಯ ಎಡಕ್ಕೆ, ಚೆಂಡುಹೂವಿನ ಕಂಬದ ಮರೆಯಲ್ಲಿ, ಬಾಳು ಕಣ್ಣು ಮುಚ್ಚಿ ಊದುತ್ತಿದ್ದ. ಪರಶುವಿಗೆ ಹಲ್ಲಿನ ನೋವೇ ಮರೆತುಹೋಯಿತು.

ಅವನು ಕ್ಲಾರ್ನೆಟ್ ಇಳಿಸಲಿಲ್ಲ. ಗಲ್ಲ ಉಬ್ಬಿಸಿಕೊಂಡೇ ನಿಂತ. ಮಂದಿ ಎಲ್ಲ ಅವನನ್ನೇ ನೋಡುತ್ತಿದ್ದರು. ಗಡ್ಡದ ಮೇಲೆ ರಕ್ತ ಇಳಿಯುತ್ತಿದ್ದರೂ ನಿಂತು ಊದುವ ಗಂಡುಮಗ! ಯಾರೋ ಮೊಬೈಲಿನಲ್ಲಿ ಹಿಡಿದರು. ಸಂಜೆಯ ಹೊತ್ತಿಗೆ ಅದು ಊರೂರು ತಿರುಗಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಜನ ಹೊಗಳಿದ್ದೇ ಹೊಗಳಿದ್ದು. ನೇಸರಗಿಯ ಸಂತೆಯಲ್ಲಿ ಬದನೆಕಾಯಿ ಮಾರುವವಳು ಕೂಡ, "ನೀವ ಅಲ್ರೀ ಆ ಬಿದ್ದು ಊದಿದವ್ರು?" ಎಂದು ಎರಡು ಬದನೆಕಾಯಿ ಹೆಚ್ಚಿಗೆ ಹಾಕಿದಳು. ನಲವತ್ತು ಸಾವಿರ ಜನ ನೋಡಿದ ಆ ವಿಡಿಯೋವನ್ನು ಪರಶು ತನ್ನ ಸ್ಟೇಟಸ್ಸಿಗೆ ಹಾಕಿಕೊಂಡ. ಕೆಳಗೆ ಸ್ವಹಸ್ತದಿಂದ ಬರೆದ: 'ಹಲ್ಲು ಹೋದರೂ ಸೊಲ್ಲು ಹೋಗಲಿಲ್ಲ.' ಹೆಂಡತಿಗೂ ನಿಜ ಹೇಳಲಿಲ್ಲ. ಗೊತ್ತಿದ್ದವನು ಬಾಳು ಒಬ್ಬನೇ. ಅಂದು ಟೆಂಪೋದಲ್ಲಿ ಮರಳುವಾಗ ಬಾಳು ಒದ್ದೆ ಅರಿವೆ ಕೊಟ್ಟು, "ಮಾವಾ, ಬಾಯಿ ಒರಸ್ಕೋ," ಎಂದದ್ದು ಬಿಟ್ಟರೆ ಆ ವಿಷಯ ಎತ್ತಲೇ ಇಲ್ಲ.

ಹೊಗಳಿಕೆಯಿಂದ ಹಲ್ಲು ಬೆಳೆಯುತ್ತದೆಯೇ? ಪರಶು ಕಟ್ಟಿಸಿದ ಹಲ್ಲು ಹಾಕಿಸಿಕೊಂಡ. ಕಿತ್ತೂರಿನಲ್ಲಿ ಒಂದು ಲಗ್ನ ಒಪ್ಪಿಕೊಂಡು, ಎಲ್ಲರೂ ಕಾಯುತ್ತಿದ್ದ ತಾನ ತೆಗೆದ. ಏರಿದ, ಏರಿದ, ತುತ್ತತುದಿ ಇನ್ನೇನು ಸಿಕ್ಕಿತು ಎನ್ನುವಷ್ಟರಲ್ಲಿ ಹಲ್ಲಿನ ಜೋಡಿ ಬಾಯಿಂದ ಹಾರಿ ಆರತಿ ತಟ್ಟೆಯ ಬಟ್ಟಲಲ್ಲಿ ಬಿತ್ತು. ಬೀಗತಿ ಕುಂಕುಮದ ಬಟ್ಟಲಿಗೆ ಬೆರಳು ಹಾಕಿದವಳು ಹಲ್ಲು ಮುಟ್ಟಿ, "ಯವ್ವಾ, ಕಚ್ಚತೈತಿ!" ಎಂದು ತಟ್ಟೆ ಎಸೆದಳು. ಮಂದಿ ಬಿದ್ದು ಬಿದ್ದು ನಕ್ಕರು. ವರ ನಕ್ಕ, ವಧು ಬಾಸಿಂಗ ಜಾರುವಷ್ಟು ನಕ್ಕಳು. ಪರಶುವೂ ನಕ್ಕ, ನಕ್ಕರೆ ಇನ್ನೂ ಕೆಟ್ಟದಾಗಿ ಕಾಣುತ್ತದೆಂದು ಬಾಯಿ ಮುಚ್ಚಿಕೊಂಡ. ಮನೆಗೆ ಬಂದು ಕ್ಲಾರ್ನೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟ. ಹಲ್ಲಿನ ಡಾಕ್ಟರು, ದವಡೆಗೆ ಸ್ಕ್ರೂ ಹಾಕಿ ಕೂಡಿಸುವ ಹಲ್ಲಾದರೆ ಊದಬಹುದು ಎಂದರು. ಅದಕ್ಕಾಗುವ ಖರ್ಚು ಕೇಳಿ ಅವನು ಕುರ್ಚಿಯಿಂದ ತಾನಾಗಿಯೇ ಎದ್ದು ಬಂದ.

ಆ ವಾರವೇ ಬಸವಣ್ಣೆಪ್ಪ ಒಂದು ಡಜನ್ ಬಾಳೆಹಣ್ಣು ಹಿಡಿದು ಮನೆಗೆ ಬಂದ. "ಏನೋ ಮಾಸ್ತರ, ಆರಾಮ? ಹಣ್ಣು ಮೆತ್ತಗದಾವ, ಹಲ್ಲ ಬೇಕಾಗಿಲ್ಲ," ಎಂದು ನಕ್ಕ. ರೇಣು ಚಹಾ ಕೊಟ್ಟಳು, ಮನೆಗೆ ಬಂದವರಿಗೆ ಕೊಡದೆ ಇರುವುದುಂಟೇ? ಚಹಾ ಕುಡಿದವನು, "ಆದ್ರೂ ಒಂದು ಮಾತು ಹೇಳತೇನಿ. ಹಿಂದ ಹಿಂದ ನಡಿ ಅಂತ ನಿನಗ ಯಾರು ಹೇಳಿದ್ರು? ದೇವ್ರು ಕಣ್ಣು ಕೊಟ್ಟಿದ್ದು ಮುಂದ," ಎಂದ. ರೇಣು ಖಾಲಿ ಬಟ್ಟಲು ಅವನ ಕೈಯಿಂದ ಇಸಿದುಕೊಂಡಳು. "ಕಣ್ಣು ಮುಂದ ಇದ್ದವ್ರು ನೀವು. ಟಾಕಿ ಮುಚ್ಚಳ ಒಡದದ್ದು ಎರಡು ತಿಂಗಳು ನಿಮಗ ಕಾಣಲಿಲ್ಲೇನ್ರಿ? ಬಾಳಿಹಣ್ಣು ತಗೊಂಡ ಹೋಗ್ರಿ. ಎರಡು ಹಲ್ಲಿಗೆ ಹನ್ನೆರಡು ಬಾಳಿಹಣ್ಣು, ಇದು ಯಾವ ಊರ ನ್ಯಾಯ?"

ಹಾಗೆ ಅವರು ಸವದತ್ತಿಯ ವಕೀಲೆ ಉಮಾಶ್ರೀಯ ಕಚೇರಿಯ ಮೆಟ್ಟಿಲು ಹತ್ತಿದ್ದು. ಉಮಾಶ್ರೀ ಹೂಲಿಯವಳು, ಒಕ್ಕಲುತನದ ಮನೆಯ ಮಗಳು; ಕಾಯಿದೆಯನ್ನು ರೊಟ್ಟಿ ಮುರಿದುಕೊಟ್ಟ ಹಾಗೆ ಹೇಳುವವಳು. "ನೋಡ್ರಿ ಮಾಸ್ತರ. ನಾಲ್ಕು ಮಂದಿ ಬರೂ ಜಾಗಾ ಬಾಡಿಗಿಗೆ ಕೊಟ್ಟಾವ ಆ ಮಂದೀದು ಕೈಕಾಲು ಕಾಯಬೇಕು. ಉಣ್ಣಾಕ ಬಂದವ್ರಿಗೂ ಕಾಯಬೇಕು, ಊದಾಕ ಬಂದವ್ರಿಗೂ ಕಾಯಬೇಕು. ತೆಗ್ಗು ಐತಿ ಅಂತ ಗೊತ್ತಿದ್ದೂ ಮ್ಯಾಟ್ ಹಾಸಿದ್ರ ಅದು ನಿಷ್ಕಾಳಜಿ. ನಿಮ್ಮ ಹಲ್ಲು, ನಿಮ್ಮ ಕಸಬು, ಎರಡಕ್ಕೂ ಅವರ ಜವಾಬ್ದಾರಿ. ಬರೇ ನೋಟೀಸ್ ಕೊಟ್ರ ಅಂಜತಾರೇನೋ." ಬಸವಣ್ಣೆಪ್ಪ ಅಂಜಲಿಲ್ಲ. ದಾವಾ ಹೂಡಿದರು. ತಾರೀಖಿನ ಮೇಲೆ ತಾರೀಖು ಬಿದ್ದವು, ಪರಶು ಪ್ರತಿ ತಾರೀಖಿಗೂ ಬ್ಯಾಂಡಿನ ಕೆಂಪು ಕೋಟು ತೊಟ್ಟೇ ಹೋದ. ಬೈಲಹೊಂಗಲ ಬಸ್ಸಿನ ಕಂಡಕ್ಟರನಿಗೆ ಅವನ ಕೇಸು ವಕೀಲರಿಗಿಂತ ಚೆನ್ನಾಗಿ ಬಾಯಿಪಾಠವಾಯಿತು.

ಕೊನೆಗೆ ಪರಶುವಿನ ಸಾಕ್ಷಿಯ ದಿನ ಗೊತ್ತಾಯಿತು. ಹಿಂದಿನ ಸಂಜೆ ಉಮಾಶ್ರೀ ಕರೆಸಿ ಕೇಳಿದಳು, "ಮಾಸ್ತರ, ಅವರ ಕಡೆಯವ್ರು ಆ ವಿಡಿಯೋ ತಂದಾರ. ಬಿದ್ದ ಮ್ಯಾಲೂ ಹೆಂತಾ ತಾನ ಊದ್ಯಾನ ನೋಡ್ರಿ, ಇವಗ ಏನೂ ಆಗಿಲ್ಲ ಅಂತ ವಾದ ಮಾಡ್ತಾರ. ಖರೇ ಹೇಳ್ರಿ. ಅವತ್ತ ಊದಿದವ್ರು ನೀವ ಏನು?"

ಪರಶು ಹಿಂದೆಮುಂದೆ ನೋಡದೆ, "ನಾನ ರೀ! ಮತ್ತ್ಯಾರು?" ಎಂದುಬಿಟ್ಟ.

ಉಮಾಶ್ರೀ ಪೆನ್ನು ಕೆಳಗಿಟ್ಟಳು. "ಹಂಗಾದ್ರ ನಮ್ಮ ಕೇಸ್ ಮುಗಿದಂಗ. ಹಲ್ಲಿಲ್ಲದ ಊದಾಕ ಬರಂಗಿಲ್ಲ ಅಂತ ನಾವು ಹೇಳೂದು, ಹಲ್ಲಿಲ್ಲದ ಊದೀರಿ ಅಂತ ನಲವತ್ತು ಸಾವಿರ ಮಂದಿ ಹೇಳೂದು."

ಬಸ್ಸಿನಲ್ಲಿ ಮರಳುವಾಗ ಪರಶುವಿಗೆ ತನ್ನ ಪಾಡು ತಿಳಿಯಿತು. ಅತ್ತ ದರಿ, ಇತ್ತ ಪುಲಿ. ಊದಿದವನು ನಾನಲ್ಲ ಎಂದರೆ ಮೂರು ವರ್ಷ ಊರೂರಲ್ಲಿ ಉಂಡ ಹೊಗಳಿಕೆಯೆಲ್ಲ ಕಕ್ಕಬೇಕು. ಇಪ್ಪತ್ತು ವರ್ಷ ದಮ್ಮಿಲ್ಲ ದಮ್ಮಿಲ್ಲ ಎಂದವನ ದಮ್ಮಿನಲ್ಲಿ ತಾನು ಗಲ್ಲ ಉಬ್ಬಿಸಿ ನಿಂತೆ ಎಂದು ಎಲ್ಲರೆದುರು ಒಪ್ಪಬೇಕು. ನಾನೇ ಎಂದರೆ ಕೇಸೂ ಹೋಯಿತು, ಹಲ್ಲೂ ಹೋಯಿತು, ಇನ್ನು ಜನ್ಮದಲ್ಲಿ ಊದುವ ಮಾತಿಲ್ಲ. ಮೇಲೆ ಆಣೆ ಮಾಡಿ ಸುಳ್ಳು ಹೇಳಿದ ಪಾಪ ಬೇರೆ. ಬಾಯಿ ಬಿಟ್ಟರೆ ಬಣ್ಣಗೇಡು, ಅದೂ ಎರಡು ಹಲ್ಲಿಲ್ಲದ ಬಾಯಿ!

ಮರುದಿನ ಕೋರ್ಟಿನಲ್ಲಿ ಬೈಲಹೊಂಗಲದ ಅರ್ಧ ಓಣಿಯೇ ಬಂದು ಕೂತಿತ್ತು. ಹಿಂದಿನ ಬೆಂಚಿನಲ್ಲಿ ರೇಣು, ಪಕ್ಕದಲ್ಲಿ ಕಾಲುವೆಯ ಕೆಲಸಕ್ಕೆ ರಜೆ ಹಾಕಿ ಬಂದ ಬಾಳು. ಬಸವಣ್ಣೆಪ್ಪನ ವಕೀಲರು ದೊಡ್ಡ ಮನುಷ್ಯರು, ಕನ್ನಡಕ ಹಣೆಗೇರಿಸಿ ಪಾಟೀಸವಾಲಿಗೆ ನಿಂತರು.

"ನೀವು ಹಿಂದ ಹಿಂದ ನಡಕೋತ ಬಂದು ಬಿದ್ರಿ, ಹೌದಲ್ಲೋ?"

"ಹೌದ್ರೀ. ಬ್ಯಾಂಡ್ ಮಾಸ್ತರ ಮುಂದ ನೋಡ್ಕೋತ ನಡದ್ರ ವರ ನನ್ನ ಬೆನ್ನ ನೋಡಬೇಕಾಗ್ತೈತಿ. ನಿಮ್ಮ ಲಗ್ನದಾಗ ಬ್ಯಾಂಡಿನವರು ಹೆಂಗ ನಡದಿದ್ರು ರೀ?"

ಕೋರ್ಟು ನಕ್ಕಿತು. ನ್ಯಾಯಾಧೀಶರು ಮೇಜು ತಟ್ಟಿದರು. ವಕೀಲರು ನಗಲಿಲ್ಲ, ಗುಮಾಸ್ತನಿಗೆ ಹೇಳಿ ಪರದೆಯ ಮೇಲೆ ವಿಡಿಯೋ ಹಾಕಿಸಿದರು. ಕೆಂಪು ಕೋಟಿನ ಪರಶು, ಗಡ್ಡದ ಮೇಲೆ ರಕ್ತ, ಉಬ್ಬಿದ ಗಲ್ಲ. ತಾನ ಏರಿತು, ನಿಂತಿತು, ಎರಡು ಗಿರಕಿ ಹೊಡೆದು ಇಳಿಯಿತು. ಮುಂದಿನ ಬೆಂಚಿನ ಮುದುಕನೊಬ್ಬ ತನಗರಿವಿಲ್ಲದೆ "ವ್ಹಾ!" ಎಂದ.

"ಇದು ನಿಮ್ಮ ಸ್ಟೇಟಸ್ಸಿಗೆ ನೀವ ಹಾಕಿದ್ದು? ಹಲ್ಲು ಹೋದರೂ ಸೊಲ್ಲು ಹೋಗಲಿಲ್ಲ, ಇದು ನೀವ ಬರದದ್ದು?"

"ಹೌದ್ರೀ."

"ಅಂದ್ರ ಬಿದ್ದ ಮ್ಯಾಲೆ ಇಂಥಾ ತಾನ ನೀವ ಊದೀರಿ. ಕಸಬಿಗೆ ಏನೂ ಲುಕ್ಸಾನ ಆಗಿಲ್ಲ. ಹೌದೋ ಅಲ್ಲೋ?"

ಪರಶು ಬಾಯಿ ತೆರೆದ. ಬೆಂಚಿನ ಮೇಲಿದ್ದ ಬಾಳುವಿನ ಕಡೆ ಕಣ್ಣು ಹೋಯಿತು. ಬಾಳು ಮೆಲ್ಲಗೆ ತಲೆಯಾಡಿಸಿದ: ಬೇಡ ಮಾವಾ, ಹೇಳಬೇಡ, ನಿನ್ನ ಹೆಸರು ಉಳಿಸಿಕೋ. ಅಷ್ಟೇ ಸಾಕಾಯಿತು. ಪರಶುವಿಗೆ ಬಂದದ್ದು ಸಿಟ್ಟೋ ನಾಚಿಕೆಯೋ ಅವನಿಗೂ ಗೊತ್ತಾಗಲಿಲ್ಲ.

"ಅಲ್ರೀ!" ಎಂದು ಚೀರಿದ. ಬೆರಳಚ್ಚು ಮಾಡುತ್ತಿದ್ದವಳ ಕೈ ನಿಂತಿತು. "ಊದಿದಾವ ನಾ ಅಲ್ರೀ. ನಾ ಗಲ್ಲ ಉಬ್ಬಿಸಿ ನಿಂತಿದ್ದೆ, ಪಟದಾಗಿನ ಗಣಪ್ಪನಂಗ. ಊದಿದ್ದು ಅಲ್ಲಿ ಕುಂತಾನಲ್ರೀ, ನನ್ನ ಹೇಣ್ತಿ ತಮ್ಮ ಬಾಳು, ಅವ. ಎರಡು ಗಿರಕಿ ಅವನವು. ನನಗ ಜೀವನದಾಗ ಒಂದಕ್ಕಿಂತ ಹೆಚ್ಚಿಗೆ ಬಂದಿಲ್ಲ. ಮೂರು ವರ್ಷ ಮಂದಿ ನನ್ನ ಹೊಗಳಿದ್ರು, ನಾ ಸುಮ್ನ ಹೊಗಳಿಸ್ಕೊಂಡೆ. ಬದನಿಕಾಯಿ ಸೈತ ಹೆಚ್ಚಿಗೆ ಇಸ್ಕೊಂಡೆ. ಕಳವು ಮಾಡೇನಿ, ಬರಕೋರಿ ಸಾಹೇಬ್ರ!"

ಹಿಂದಿನಿಂದ ರೇಣು "ಅಯ್ಯ ನನ್ನ ಗಂಡನೇ!" ಎಂದದ್ದು ಇಡೀ ಕೋರ್ಟಿಗೆ ಕೇಳಿಸಿತು. ಓಣಿಯವರಲ್ಲಿ ಗುಜುಗುಜು ಎದ್ದಿತು. ಪರಶು ಕಟಕಟೆಯ ಕಟ್ಟಿಗೆ ಹಿಡಿದುಕೊಂಡು ನಿಂತ. ಹೆಸರು ಹೋಯಿತು, ಮರ್ಯಾದೆ ಹೋಯಿತು. ಆದರೆ ಮೂರು ವರ್ಷದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಸಿರು ಬಂದಿತ್ತು. ವಿಚಿತ್ರವೆಂದರೆ ಅವನಿಗೆ ನಗು ಬರುತ್ತಿತ್ತು.

ವಕೀಲರೂ ಬಿಡುವವರಲ್ಲ. ಇದು ಪರಿಹಾರದ ಆಸೆಗೆ ಕಟ್ಟಿದ ಕತೆ ಎಂದರು. ಉಮಾಶ್ರೀ ಎದ್ದು ಬಾಳುವನ್ನು ಸಾಕ್ಷಿ ಮಾಡಲು ಅನುಮತಿ ಕೇಳಿದಳು. ಮುಂದಿನ ತಾರೀಖಿನ ದಿನ ಮೊದಲು ಪದ್ಮವ್ವ ಬಂದು, ಮುಚ್ಚಳದ ವಿಷಯ ಮೂರು ಸಲ ಹೇಳಿದ್ದು, ಸಾವಕಾರರು ಮ್ಯಾಟು ಹಾಸಿಸಿದ್ದು, ಎಲ್ಲ ತಾರೀಖುಸಹಿತ ಹೇಳಿದಳು. "ಕೆಲಸ ಹೋದ್ರ ಹೋತು, ಭಾಂಡೆ ಎಲ್ಲಿದ್ರೂ ತಿಕ್ಕೂದ," ಎಂದೂ ಸೇರಿಸಿದಳು. ಆಮೇಲೆ ಬಾಳು ಕಟಕಟೆ ಏರಿದ. ಕಾಲುವೆಯ ಮಣ್ಣು ಕಾಲಿಗೆ ಹಾಗೇ ಇತ್ತು.

"ನೀವು ವಾದಿಯ ಬೀಗರು," ಎಂದರು ವಕೀಲರು. "ಅವರ ಸಲುವಾಗಿ ಸುಳ್ಳು ಹೇಳಾಕ ಬಂದೀರಿ."

"ಸುಳ್ಳು ನಾ ಹೇಳಿದ್ರೂ ನಿಮ್ಮ ವಿಡಿಯೋ ಹೇಳಂಗಿಲ್ಲಲ್ರೀ. ಅದನ್ನ ಇನ್ನೊಮ್ಮಿ ಹಾಕ್ರಿ. ಗಲ್ಲ ನೋಡಬ್ಯಾಡ್ರಿ, ರಕ್ತ ನೋಡಬ್ಯಾಡ್ರಿ. ಬರೇ ಬೆರಳು ನೋಡ್ರಿ."

ವಿಡಿಯೋ ಮತ್ತೆ ಓಡಿತು. ತಾನ ಏರಿತು. ನ್ಯಾಯಾಧೀಶರು ಕನ್ನಡಕ ಒರೆಸಿಕೊಂಡು ಮುಂದಕ್ಕೆ ಬಾಗಿದರು. ತಾನ ತುತ್ತತುದಿಯಲ್ಲಿ ಗಿರಕಿ ಹೊಡೆಯುತ್ತಿತ್ತು. ಪರಶುವಿನ ಬೆರಳುಗಳು ಮಾತ್ರ ಕ್ಲಾರ್ನೆಟ್ಟಿಗೆ ಅಂಟಿಸಿದ ಹಾಗೆ ಅಲುಗಾಡದೆ ಇದ್ದವು. ಒಂದು ಬೆರಳೂ ಎದ್ದಿರಲಿಲ್ಲ, ಒಂದು ತೂತೂ ತೆರೆದಿರಲಿಲ್ಲ. ನಲವತ್ತು ಸಾವಿರ ಜನ ನೋಡಿದ್ದರು, ಒಬ್ಬರೂ ಬೆರಳು ನೋಡಿರಲಿಲ್ಲ. ಇಡೀ ಕೋರ್ಟು 'ಹೋ' ಎಂದಿತು. ಮುಂದಿನ ಬೆಂಚಿನಿಂದ ಯಾರೋ ಚಪ್ಪಾಳೆ ಹೊಡೆದರು. "ಇದು ನ್ಯಾಯಾಲಯ, ನಾಟಕದ ತಂಬು ಅಲ್ಲ," ಎಂದು ನ್ಯಾಯಾಧೀಶರು ಗದರಿದರು. ಗದರಿಕೆಯ ಕೊನೆಗೆ ಅವರ ತುಟಿಯೂ ಸ್ವಲ್ಪ ಸಡಿಲಾಯಿತು.

ವಕೀಲರ ಮುಖ ಕೆಂಪಾಯಿತು. "ಹಂಗಿದ್ರ ಮೂರು ವರ್ಷ ಯಾಕ ಸುಮ್ನಿದ್ರಿ? ಅಷ್ಟು ಮಂದಿ ಹೊಗಳಾಕ ಹತ್ತಿದಾಗ ನನ್ನ ತಾನ ಅಂತ ಯಾಕ ಹೇಳಲಿಲ್ಲ?"

ಬಾಳು ಪರಶುವಿನ ಕಡೆ ನೋಡಲಿಲ್ಲ, ತನ್ನ ಕೈ ನೋಡಿಕೊಂಡ. "ಅವತ್ತ ಅವ ಬಿದ್ದಿದ್ದ ರೀ. ಬಿದ್ದಾವನ ಕೈಯಾಂದು ಕಸಗೊಳ್ಳಬಾರದು. ಇವತ್ತ ಅವ ತಾನಾಗಿ ಕೊಟ್ಟಾನ, ತಗೊಂಡೇನಿ."

ಪರಶು ಕೆಂಪು ಕೋಟಿನ ತೋಳಿಗೆ ಮೂಗು ಒರೆಸಿಕೊಂಡ. ಇಪ್ಪತ್ತು ವರ್ಷ ಇವನಿಗೆ ಕೆಳಗಿನ ಸ್ವರ ಹಿಡಿಸಿ ನಿಲ್ಲಿಸಿದೆನಲ್ಲಪ್ಪಾ ಎಂದು ಸಂಕಟವಾಯಿತು.

ತೀರ್ಪು ಮೂರು ತಿಂಗಳ ನಂತರ ಬಂತು. ಮುಚ್ಚಳ ಒಡೆದದ್ದು ಗೊತ್ತಿದ್ದೂ ಸರಿಪಡಿಸದೆ ಮ್ಯಾಟಿನಿಂದ ಮರೆಮಾಡಿದ್ದು ಮಾಲೀಕನ ನಿರ್ಲಕ್ಷ್ಯ. ಲಗ್ನದಲ್ಲಿ ಹಿಂದೆ ನಡೆಯುವುದು ಬ್ಯಾಂಡಿನವರ ವಾಡಿಕೆ, ಕಾರ್ಯಾಲಯ ನಡೆಸುವವನಿಗೆ ಅದು ತಿಳಿದಿರಲೇಬೇಕು. ಊದುವವನಿಗೆ ಹಲ್ಲೆಂದರೆ ಬರೀ ಅಗಿಯುವ ಸಾಧನವಲ್ಲ, ಅವನ ದುಡಿಮೆಯ ಭಾಗ. ಹೀಗೆ ನ್ಯಾಯಾಧೀಶರು ಓದುತ್ತ ಹೋದರು. ಸ್ಕ್ರೂ ಹಲ್ಲಿನ ಖರ್ಚು, ಕಳೆದುಹೋದ ಮೂರು ಹಂಗಾಮಿನ ದುಡಿಮೆ, ಅನುಭವಿಸಿದ ನೋವು, ಎಲ್ಲಕ್ಕೂ ಬಸವಣ್ಣೆಪ್ಪ ಬಡ್ಡಿಸಹಿತ ಕೊಡಬೇಕೆಂದಾಯಿತು. ಬಸವಣ್ಣೆಪ್ಪ ಹೊರಗೆ ಬಂದು ಮೊದಲು ಮಾಡಿದ ಕೆಲಸ ಮೇಸ್ತ್ರಿಗೆ ಫೋನು. "ಬರೇ ಟಾಕಿ ಅಲ್ಲೋ, ಇಡೀ ಕಾರ್ಯಾಲಯ ತಿರುಗಿ ನೋಡು. ಎಲ್ಲೆಲ್ಲಿ ಏನೇನು ಒಡದೈತಿ ಬರಕೋ. ಇವತ್ತ!"

ಕೋರ್ಟಿನ ಅಂಗಳದ ಬೇವಿನ ಮರದಡಿ ಓಣಿಯವರು ಪೇಢೆ ಹಂಚಿದರು. ಅಷ್ಟಕ್ಕೇ ಬಿಡುವವರೇ? ಬಾಳು ಊದಬೇಕೆಂದು ಗಲಾಟೆ ಎಬ್ಬಿಸಿದರು. ಬಾಳು ಒಲ್ಲೆ ಎಂದ. ಪರಶು ಹೆಗಲ ಚೀಲದಿಂದ ತನ್ನ ಮಿರಜದ ಕ್ಲಾರ್ನೆಟ್ ತೆಗೆದು, ಅದರ ಬಾಯಿ ಒರೆಸಿ, ಅವನ ಕೈಗಿಟ್ಟ. ಯಾರಿಗೂ ಮುಟ್ಟಗೊಡದ ಕ್ಲಾರ್ನೆಟ್ ಅದು. ಬಾಳು ಊದಿದ. ಅರ್ಜಿ ಬರೆಯುವವರು ಪೆನ್ನು ಬಿಟ್ಟು ಬಂದರು, ಚಹಾ ಅಂಗಡಿಯವನು ಕಿಟ್ಲಿ ಹಿಡಿದೇ ಓಡಿ ಬಂದ, ಆಸ್ತಿಪಾಲಿಗೆ ಹೊಡೆದಾಡಲು ಬಂದ ಅಣ್ಣತಮ್ಮಂದಿರು ಒಂದೇ ಕಟ್ಟೆಯ ಮೇಲೆ ಹತ್ತಿ ನಿಂತರು. ತುತ್ತತುದಿಯಲ್ಲಿ ಗಿರಕಿ ಒಂದು, ಎರಡು, ಮೂರು! ಪರಶು ಎರಡು ಹಲ್ಲಿಲ್ಲದ ಬಾಯಿ ಆಕಾಶಕ್ಕೆ ತೆರೆದು, "ಮೂರಲೇ! ಮೂರು! ಎಲ್ಲಿ ಕಲತಿಲೇ ಕಳ್ಳಾ?" ಎಂದು ಕುಣಿದೇಬಿಟ್ಟ.

"ಕಾಲುವಿ ಮ್ಯಾಲ, ಮಾವಾ. ಹದಿನೈದು ವರ್ಷ ಆತು. ನವಲು ಒದರತಿದ್ವು, ನಾ ಊದತಿದ್ದೆ."

ರಾಮದುರ್ಗದ ಸಾವಕಾರನೊಬ್ಬ ಗುಂಪು ಸರಿಸಿಕೊಂಡು ಬಂದ, ಜಮೀನಿನ ಕೇಸಿಗೆಂದು ಬಂದವನು. "ಮಾಸ್ತರ ಯಾರ್ರಿ ಇಲ್ಲಿ? ಮುಂದಿನ ತಿಂಗಳು ಮಗಳ ಲಗ್ನ ಐತಿ. ಇದ ತಾನ ಬೇಕು. ಇಸಾರ ಯಾರ ಕೈಯಾಗ ಕೊಡಬೇಕು?"

ಅಭ್ಯಾಸಬಲದಿಂದ ಪರಶುವಿನ ಕೈ ಮುಂದೆ ಹೋಯಿತು. ಅರ್ಧಕ್ಕೆ ನಿಂತಿತು. ಆ ಕೈಯಿಂದಲೇ ಬಾಳುವಿನ ರಟ್ಟೆ ಹಿಡಿದು ಮುಂದಕ್ಕೆ ದೂಡಿದ.

"ಇಂವ ರೀ ಮಾಸ್ತರ."

ಬಾಳು ಕಕ್ಕಾಬಿಕ್ಕಿಯಾದ. "ಮಾವಾ, ನೀ ಇಲ್ಲದ ನಾ ಒಲ್ಲೆಪಾ."

"ಬರತೇನಿ, ಎಲ್ಲಿ ಹೋಗತೇನಿ? ಹಲ್ಲು ಕೂಡ್ರಲಿ. ನೀ ಮುಂದ ನಡಿ. ಕೆಳಗಿನ ಸ್ವರ ನಾ ಹಿಡಿತೇನಿ."